ಪದ ಬೇಕು: ಪ್ರಿನ್ಸ್, ಡ್ಯೂಕ್, ಫೀಲ್ಡ್ ಮಾರ್ಷಲ್ (ನಾಳೆ ಬೆಳಿಗ್ಗೆ ಅಚ್ಚಿಗೆ!)

ಎಲ್ಲರಿಗೂ ನಮಸ್ಕಾರ,

ಹಳೇ ಫೋಟೋಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಬರೆದುಕೊಡುತ್ತಿದ್ದೇನೆ. ಒಂದು ಫೋಟೋದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. 1921ರ ಫೆಬ್ರವರಿಯಲ್ಲಿ ದಿಲ್ಲಿಯ ಹಳೇ ಸಂಸತ್ ಭವನಕ್ಕೆ ಅಡಿಗಲ್ಲು ಇಟ್ಟ ಪ್ರಿನ್ಸ್ ಆರ್ಥರ್, ಅಂದರೆ ಡ್ಯೂಕ್ ಆಫ್ ಕನಾಟ್. ಕನಾಟ್ ಪ್ಲೇಸಿಗೆ ಹೆಸರು ಬಂದದ್ದು ಇವರಿಂದಲೇ. ವಿಕ್ಟೋರಿಯಾ ರಾಣಿಯ ಮೂರನೇ ಮಗ, ಹುಟ್ಟಿದ್ದು 1850ರಲ್ಲಿ. 1868ರಲ್ಲಿ ರಾಯಲ್ ಇಂಜಿನಿಯರ್ಸ್‌ನಲ್ಲಿ ಲೆಫ್ಟಿನೆಂಟ್. 1882ರಲ್ಲಿ ಈಜಿಪ್ಟಿನ ಯುದ್ಧ. 1886ರಿಂದ 1890ರವರೆಗೆ ಬಾಂಬೆ ಸೇನೆಯ ಕಮಾಂಡರ್-ಇನ್-ಚೀಫ್. 1902ರಲ್ಲಿ ಫೀಲ್ಡ್ ಮಾರ್ಷಲ್. 1911ರಿಂದ 1916ರವರೆಗೆ ಕೆನಡಾದ ಗವರ್ನರ್ ಜನರಲ್. ತೀರಿಕೊಂಡದ್ದು 1942ರಲ್ಲಿ.

ಜಾಗ ಇರುವುದು ಐದೇ ಸಾಲಿಗೆ. ಪ್ರಿನ್ಸ್‌ಗೆ 'ಯುವರಾಜ' ಎಂದು ಬರೆದಿದ್ದೇನೆ. ಡ್ಯೂಕ್‌ಗೆ ಏನೂ ಹೊಳೆದಿಲ್ಲ. ಫೀಲ್ಡ್ ಮಾರ್ಷಲ್‌ಗೆ 'ಮಹಾದಂಡನಾಯಕ' ಆಗುತ್ತಾ?

– ಸು., ಬೆಂಗಳೂರು

*

'ಯುವರಾಜ' ತಪ್ಪು. ತೆಗೆಯಿರಿ. ಯುವರಾಜ ಎಂದರೆ ಮುಂದೆ ಪಟ್ಟಕ್ಕೆ ಬರುವವನು. ಮೈಸೂರಿನಲ್ಲಿ ಯುವರಾಜ ಎನಿಸಿಕೊಂಡಿದ್ದವರು ಕಂಠೀರವ ನರಸಿಂಹರಾಜ ಒಡೆಯರು. ಅವರು ನಾಲ್ವಡಿಯವರ ಮಗನಲ್ಲ, ತಮ್ಮ. ಈ ಆರ್ಥರ್‌ಗೆ ಅಣ್ಣಂದಿರೇ ಇಬ್ಬರಿದ್ದರು. ಪೇಪರಿನವರು ರಾಜನ ಮನೆಯ ಗಂಡುಮಕ್ಕಳಿಗೆಲ್ಲ ಯುವರಾಜ ಎಂದು ಬರೆದು ಬರೆದು ಪದವನ್ನೇ ಕೆಡಿಸಿದ್ದಾರೆ. 'ರಾಜಕುಮಾರ' ಸಾಕು.

– ನಾ., ಮೈಸೂರು

*

ಮೇಷ್ಟ್ರೇ, ರಾಜಕುಮಾರ ಯಾಕೆ? ಅಚ್ಚಗನ್ನಡದ 'ಅರಸುಕುವರ' ಇದೆಯಲ್ಲ.

– ಪ್ರ., ಶಿವಮೊಗ್ಗ

*

ಕುವರ ಎನ್ನುವುದೇ ಕುಮಾರದ ತದ್ಭವ. ಅರಸವೂ ರಾಜದಿಂದಲೇ ಬಂತು ಎನ್ನುವವರಿದ್ದಾರೆ. ಅಚ್ಚಗನ್ನಡದಲ್ಲಿ ಇನ್ನೇನು ಉಳಿಯಿತು?

– ನಾ.

*

ಸು. ಅವರೇ, ಮಾರ್ಷಲ್ ಪದದ ಬೇರು ಹಿಡಿದರೆ ಉತ್ತರ ಅಲ್ಲೇ ಇದೆ. ಹಳೇ ಜರ್ಮನಿಕ್ ಮಾತಿನಲ್ಲಿ 'ಮರ್ಹ್' ಎಂದರೆ ಕುದುರೆ, 'ಸ್ಕಾಲ್ಕ್' ಎಂದರೆ ಆಳು. ಲಾಯದ ಆಳು ಮೇಲೇರಿ ಏರಿ ಮಾರ್ಷಲ್ ಆದ. ನಮ್ಮ ಶಾಸನಗಳಲ್ಲಿ ಇದೇ ಕೆಲಸದವನು 'ಸಾಹಣಿ'. ಅವನೂ ಹಾಗೆಯೇ ಮೇಲೇರಿ 'ಮಹಾಸಾಹಣಿ' ಆದ. ಇಷ್ಟು ಚೆಂದದ ಜೋಡಿ ಬೇರೆ ಸಿಗುವುದಿಲ್ಲ. ಫೀಲ್ಡ್ ಮಾರ್ಷಲ್ = ಮಹಾಸಾಹಣಿ. ಇನ್ನು ಡ್ಯೂಕ್ ಲ್ಯಾಟಿನ್ನಿನ 'ಡುಕ್ಸ್', ಅಂದರೆ ದಂಡನ್ನು ನಡೆಸುವವನು. ಅದಕ್ಕೆ ದಂಡನಾಯಕ ಅಥವಾ ದಣ್ಣಾಯಕ. ಹೊಸಪೇಟೆ ಕಡೆ ಡಣಾಯಕನಕೆರೆ ಕೇಳಿದ್ದೀರಲ್ಲ?

– ವೆಂ., ಹಾಸನ

*

ರಾಯರೇ, ನೀವು ಹೇಳಿದ ಹಾಗೆ ಬರೆದರೆ ಫಲಕ ಓದಿದವರು ಇವನು ಹೊಯ್ಸಳರ ಕಾಲದವನು ಅಂದುಕೊಳ್ತಾರೆ. ಈಜಿಪ್ಟಿನ ತೆಲ್-ಎಲ್-ಕೆಬೀರ್ ಕಾಳಗದಲ್ಲಿ ಆರ್ಥರ್ ನಡೆಸಿದ್ದು ಕಾಲಾಳುಗಳ ಗಾರ್ಡ್ಸ್ ಬ್ರಿಗೇಡನ್ನು. ಸಾಹಣಿ ಎಲ್ಲಿಂದ ಬಂದ?

ನಮ್ಮ ಕೊಡಗಿನಲ್ಲಿ ಯಾರನ್ನಾದರೂ ಕೇಳಿ. ಕಾರ್ಯಪ್ಪನವರು 1949ರ ಜನವರಿ 15ರಂದು ಮಹಾದಂಡನಾಯಕರಾದರು, ಅಂದರೆ ಕಮಾಂಡರ್-ಇನ್-ಚೀಫ್. ಫೀಲ್ಡ್ ಮಾರ್ಷಲ್ ಆದದ್ದು 1986ರಲ್ಲಿ, ನಿವೃತ್ತರಾಗಿ 33 ವರ್ಷ ಆದಮೇಲೆ. ಒಂದು ಹುದ್ದೆ, ಇನ್ನೊಂದು ಸಾಯುವವರೆಗೂ ಬಿಡದ ಪದವಿ. ಎರಡಕ್ಕೂ ಒಂದೇ ಪದ ಹಾಕಿದರೆ ಆರ್ಥರ್ 1886ರಲ್ಲಿ ಮಹಾದಂಡನಾಯಕ, 1902ರಲ್ಲಿ ಮತ್ತೆ ಮಹಾದಂಡನಾಯಕ ಎಂದಾಗುತ್ತದೆ. ಮೊದಲಿನದಕ್ಕೆ ಆ ಪದ ಇರಲಿ. ಎರಡನೆಯದು ಫೀಲ್ಡ್ ಮಾರ್ಷಲ್. ನಮ್ಮಜ್ಜಿ ಇಂಗ್ಲಿಷ್ ಓದಿದವರಲ್ಲ, ಅವರೂ ಹಾಗೇ ಅಂತಿದ್ದರು.

– ಪೊ., ಮಡಿಕೇರಿ

*

ಅಜ್ಜಿ ಅಂದದ್ದೆಲ್ಲ ಕನ್ನಡವಾದರೆ ನಿಘಂಟು ಯಾಕೆ ಬೇಕು? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಸೈನ್ಯದ ಮಾತಿನಲ್ಲಿ ಕನ್ನಡವೇ ಇಲ್ಲದಂತಾಗಿದೆ.

– ವೆಂ.

*

ಯಾವಾಗ ಇತ್ತ್ರೀ ಸಾಹೇಬ್ರ? ಸಿಪಾಯಿ, ಜಮಾದಾರ, ಸುಭೇದಾರ ಎಲ್ಲಾ ಪಾರ್ಸಿ ಕಡೆಯವು. ನಮ್ಮ ಕಡೆ ಸಬ್ ಇನ್ಸ್‌ಪೆಕ್ಟರಿಗೆ ಇವತ್ತಿಗೂ ಫೌಜದಾರ ಅಂತೇವಿ. ಪಾರ್ಸಿ ಪದಕ್ಕ ಬಾಗಿಲಾ ತೆರದು ಇಂಗ್ಲಿಷಿಗೆ ಮುಚ್ಚೂದು ಎಂಥಾ ನ್ಯಾಯ? ಆರ್ಥರ್ ಬಾಂಬೆ ಸೇನೆ ನಡೆಸುವಾಗ ಬೆಳಗಾವಿ ದಂಡೂ ಅವನ ಕೈಯಾಗಿತ್ತು. ಅಲ್ಲಿ ಸಿಪಾಯಿಗಳು ಅವನಿಗೆ ಮಹಾಸಾಹಣಿ ಅಂತ ಸಲಾಮು ಹೊಡೀತಿದ್ದಿಲ್ಲ ಬಿಡ್ರಿ.

– ಗು., ಹುಬ್ಬಳ್ಳಿ

*

ಡ್ಯೂಕ್ ಬಗ್ಗೆ ವೆಂ. ಬಿಟ್ಟು ಬೇರೆ ಯಾರೂ ಹೇಳಲೇ ಇಲ್ಲವಲ್ಲ. 'ಮಹಾಮಂಡಲೇಶ್ವರ' ಆಗದಾ?

– ಪ್ರ.

*

ಆಗದು. ಮಂಡಲೇಶ್ವರನಿಗೆ ಆಳಲು ಮಂಡಲ ಬೇಕು. ಕನಾಟ್ ಐರ್ಲೆಂಡಿನ ಪಶ್ಚಿಮದ ಪ್ರಾಂತ್ಯ. ಆರ್ಥರ್ ಅದನ್ನು ಆಳಲಿಲ್ಲ. 1874ರಲ್ಲಿ ತಾಯಿ ಕೊಟ್ಟ ಬಿರುದು, ಅಷ್ಟೇ. ಬಿರುದನ್ನು ಯಾರೂ ಅನುವಾದ ಮಾಡುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಮೇಲೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ. ನಮ್ಮ ಪುಸ್ತಕಗಳಲ್ಲೂ ಹಾಗೇ ಇದೆ. ಅಂದಹಾಗೆ, ನಿಮ್ಮ ಫೋಟೋದ ರಾಜಕುಮಾರ ಹುಟ್ಟಿದ್ದು ವೆಲ್ಲೆಸ್ಲಿಯ ಹುಟ್ಟುಹಬ್ಬದ ದಿನವೇ, ಮೇ 1. ಆರ್ಥರ್ ಹೆಸರು ಬಂದದ್ದು ಅವನಿಂದ.

– ನಾ.

*

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಹೀಗೆ ಕಳಿಸಿದೆ: 'ರಾಜಕುಮಾರ ಆರ್ಥರ್, ಡ್ಯೂಕ್ ಆಫ್ ಕನಾಟ್. ಬಾಂಬೆ ಸೇನೆಯ ಮಹಾದಂಡನಾಯಕ (1886–90). ಮುಂದೆ ಫೀಲ್ಡ್ ಮಾರ್ಷಲ್.' ವೆಂ. ಅವರು ಬೇಜಾರು ಮಾಡಿಕೊಳ್ಳಬೇಡಿ. ಸಾಹಣಿಯನ್ನು ನನ್ನ ಪಟ್ಟಿಗೆ ಸೇರಿಸಿಕೊಂಡಿದ್ದೇನೆ.

ಇಷ್ಟೆಲ್ಲ ಆದಮೇಲೆ ಈಗಷ್ಟೇ ಕರಡು ವಾಪಸ್ ಬಂತು. ಅಚ್ಚಿನವರು 'ಕನಾಟ್' ಕೈತಪ್ಪು ಅಂದುಕೊಂಡು, ಅರ್ಕಾವೊತ್ತು ಸೇರಿಸಿ 'ಡ್ಯೂಕ್ ಆಫ್ ಕರ್ನಾಟ್' ಮಾಡಿದ್ದಾರೆ. ಫೋನ್ ಮಾಡ್ತಾ ಇದ್ದೇನೆ, ಎತ್ತುತ್ತಿಲ್ಲ.

– ಸು.

*

ಅದೊಂದನ್ನು ಹಾಗೇ ಬಿಡಿ. ಅಷ್ಟಾದರೂ ಕನ್ನಡ ಇರಲಿ.

– ವೆಂ.