ಮೇಸ್ತ್ರಿಯವರನ್ನು ಕೇಳಿ: ಮನೆಯಂಗಳದಲ್ಲಿ ಹಳೆಯ ಪಿಕಪ್ ದುರಸ್ತಿ

ಮಲ್ಪೆಯವರು: ಮೇಸ್ತ್ರಿಯವರೇ, ನಮಸ್ಕಾರ. ತಂದೆಯವರ ಕಾಲದ ಮಹೀಂದ್ರ ಪಿಕಪ್, 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್. ಬಂದರಿನಿಂದ ಮೀನು ಸಾಗಿಸಿದ ಗಾಡಿ. ನಾಲ್ಕು ಕೆಂಪುಕಲ್ಲುಗಳ ಮೇಲೆ ನಿಲ್ಲಿಸಿ ಅಡಿಯಲ್ಲಿ ಮಲಗಿ ತುಕ್ಕು ಉಜ್ಜುತ್ತಿದ್ದೇನೆ. ಹಿಂದಿನ ಶ್ಯಾಕಲ್, ಅಂದರೆ ಸ್ಪ್ರಿಂಗ್ ಪ್ಲೇಟು ತೂಗುವ ಕೊಂಡಿಯ ಹತ್ತಿರ, ಚಾಸಿಸ್ಸಿನಲ್ಲಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನಲ್ಲಿ) ಅಂಗೈಯಗಲ ತೂತು. ಫೈಬರ್ ಪುಟ್ಟಿ ತುಂಬಿಸಿ ಬಣ್ಣ ಹೊಡೆದರೆ ಸಾಕೇ?

ಮೇಸ್ತ್ರಿ: ಮೊದಲು ಅಡಿಯಿಂದ ಹೊರಗೆ ಬನ್ನಿ. ಕೆಂಪುಕಲ್ಲು ಗೋಡೆಗೆ ಒಳ್ಳೆಯದು. ಒಂದೇ ಕಡೆ ಭಾರ ಕೂತರೆ ಹೇಳದೆ ಕೇಳದೆ ಸೀಳುತ್ತದೆ, ಮಳೆಯಲ್ಲಿ ನೆನೆದದ್ದು ಇನ್ನೂ ಬೇಗ. ಉಕ್ಕಿನ ಸ್ಟ್ಯಾಂಡ್ ತನ್ನಿ, ಮಣ್ಣಿನ ಅಂಗಳವಾದರೆ ಅದರಡಿಗೆ ದಪ್ಪ ಹಲಗೆ ಇಡಿ. ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ.

ಇನ್ನು ತೂತು. ಪುಟ್ಟಿ ಮುಖಕ್ಕೆ ಹಚ್ಚುವ ಪೌಡರ್, ಮುರಿದ ಎಲುಬಿಗೆ ಅದರಿಂದೇನು? ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಭಾರ ಶ್ಯಾಕಲ್ ಮೂಲಕ ಬಂದು ಬೀಳುವುದೇ ಅಲ್ಲಿ. ಮೀನಿನ ಪೆಟ್ಟಿಗೆಯಿಂದ ಸೋರಿದ ಉಪ್ಪುನೀರು ವರ್ಷಗಟ್ಟಲೆ ಚಾಸಿಸ್ಸಿನೊಳಗೆ ನಿಂತು ಒಳಗಿನಿಂದ ತಿಂದಿದೆ. ಹೊರಗೆ ಅಂಗೈಯಗಲ ಕಂಡರೆ ಒಳಗೆ ಮೊಳದುದ್ದ ಇರಬಹುದು. ಸಣ್ಣ ಸುತ್ತಿಗೆಯಿಂದ ಹೊರಗೆ ನಿಂತೇ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದು ಒದ್ದೆ ಹಲಗೆಯಂತೆ ದಬ್ ಎನ್ನುತ್ತದೆ. ದಬ್ ಎಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ ಫೋಟೊ ಕಳುಹಿಸಿ. ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಿ, ಅದೇ ದಪ್ಪದ ಪ್ಲೇಟ್ ಕೂರಿಸಬೇಕು. ಪ್ಲೇಟಿನ ತುದಿ ಓರೆಯಾಗಿರಬೇಕು, ನೇರವಾಗಿ ಕತ್ತರಿಸಿದರೆ ವೆಲ್ಡಿಂಗ್ ಗೆರೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಇದು ಕಲಿಯುತ್ತಾ ಮಾಡುವ ವೆಲ್ಡಿಂಗ್ ಅಲ್ಲ, ಕೈ ಪಳಗಿದವರನ್ನು ಕರೆಸಿ.

ಕಲ್ಲು ತೆಗೆದಿರಾ?

ಕಾಪುವಿನವರು: ನನಗೆ ಬಂದ ಸಂದೇಶ: ಹುಣಸೆಹುಳಿ, ವಿನೆಗರ್ ಕಲಸಿ ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆ ತುಕ್ಕು ಮಾಯ. ಎಲ್ಲರಿಗೂ ಉಪಯೋಗವಾಗಲಿ.

ಮೇಸ್ತ್ರಿ: ನಟ್ಟು ಬೋಲ್ಟು ಬಿಚ್ಚಿ ನೆನೆಸಿಟ್ಟು, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಪ್ರೈಮರ್ ಹಚ್ಚುವುದಾದರೆ ವಿನೆಗರ್ ಸರಿ. ಬಾಡಿಯ ಸಂದಿಗೆ ಇಳಿದರೆ ಆ ಹುಳಿ ಅಲ್ಲೇ ಕೂತು ತಿನ್ನುತ್ತದೆ. ಹುಣಸೆಹುಳಿ ಸಾರಿಗಿರಲಿ.

ಸುರತ್ಕಲ್‌ನವರು: ಡೀಸೆಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಬಹುದೇ? ಎರಡು ಸಲ ತೊಳೆದಿದ್ದೇನೆ.

ಮೇಸ್ತ್ರಿ: ಬೇಡ. ಬಿಸಿಯಾದರೆ ಒಳಗೆ ಅಂಟಿದ ಡೀಸೆಲ್ ಆವಿಯಾಗಿ ಸಿಡಿಯುತ್ತದೆ. ಬೇರೆ ಟ್ಯಾಂಕ್ ಹಾಕಿ.

ಗಂಗೊಳ್ಳಿಯವರು: ನಮ್ಮಲ್ಲಿ ದೋಣಿಗೆ ಮೀನೆಣ್ಣೆ ಹಚ್ಚುತ್ತಿದ್ದರು. ಗಾಡಿಯ ಅಡಿಗೂ ಅದೇ ಹಚ್ಚಿದರೆ ಉಪ್ಪುಗಾಳಿಗೆ ಜಗ್ಗುವುದಿಲ್ಲ.

ಬಂಟ್ವಾಳದವರು: ದೋಣಿ ಮರದ್ದು ಮಾರಾಯರೇ. ಗಾಡಿಗೆ ಹಚ್ಚಿದರೆ ಊರಿನ ಬೆಕ್ಕುಗಳೆಲ್ಲ ನಿಮ್ಮಲ್ಲೇ.

ಗಂಗೊಳ್ಳಿಯವರು: ಕಡಲು ಕಾಣದವರು ತುಕ್ಕಿನ ಬಗ್ಗೆ ಮಾತನಾಡಬಾರದು.

ಬಂಟ್ವಾಳದವರು: ನೇತ್ರಾವತಿಯ ನೆರೆ ಕಂಡವನು ನಾನು. ನಿಮ್ಮಿಂದ ಕಲಿಯಬೇಕಾಗಿಲ್ಲ.

ಮೂಡುಬಿದಿರೆಯವರು: ಮಲ್ಪೆಯವರು ಎಂಜಿನ್ನೇ ಬದಲಾಯಿಸಿ ಹೊಸದು ಕೂರಿಸಲಿ. ಆಮೇಲೆ ವಿಂಟೇಜ್ ನೋಂದಣಿ ಮಾಡಿಸಿದರಾಯಿತು.

ಮಣಿಪಾಲದವರು: ವಿಂಟೇಜ್ ಎನ್ನಲು 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಓದಿ ಮಾತನಾಡಿ.

ಮೂಡುಬಿದಿರೆಯವರು: ಕಲಂ ಓದಿದವರ ಗಾಡಿ ಓಡಿದ್ದನ್ನು ನಾನು ನೋಡಿಲ್ಲ.

ಕುಂದಾಪುರದವರು: ಹಳೆಯ ಹಸಿರು ಬಣ್ಣ ಎಲ್ಲಿ ಸಿಗುತ್ತದೆ? ಬಾಗಿಲಿನ ರಬ್ಬರ್ ಕೂಡ ಬೇಕಿತ್ತು.

ಗಂಗೊಳ್ಳಿಯವರು: ಮೀನೆಣ್ಣೆಯ ಬಗ್ಗೆ ಮೇಸ್ತ್ರಿಯವರು ಏನೂ ಹೇಳಲಿಲ್ಲ. ಮೌನವೆಂದರೆ ಒಪ್ಪಿಗೆ.

ಮೇಸ್ತ್ರಿ: ಒಪ್ಪಿಗೆಯಲ್ಲ, ಕೈಯಲ್ಲಿ ಗ್ರೀಸ್ ಇತ್ತು. ಸಡಿಲ ತುಕ್ಕನ್ನು ಕೆರೆದ ಮೇಲೆ ಎಣ್ಣೆ ಯಾವುದಾದರೂ ಸ್ವಲ್ಪ ಕಾಲ ತಡೆಯುತ್ತದೆ. ತುಕ್ಕಿನ ಪದರದ ಮೇಲೆಯೇ ಬಳಿದರೆ ಅಡಿಯಲ್ಲಿ ಅದು ತನ್ನ ಪಾಡಿಗೆ ಬೆಳೆಯುತ್ತದೆ. ಬ್ರೇಕಿನ ರಬ್ಬರ್ ಪೈಪಿಗಂತೂ ತಾಗಿಸಬೇಡಿ. ಸಾಕೇ?

ಕಾರ್ಕಳದವರು: ವಿನೆಗರ್ ಹಚ್ಚಿದರೆ ತುಕ್ಕು ಹೋಗುತ್ತದೆಯೇ?

ಮೇಸ್ತ್ರಿ: ಮೇಲೆ ಓದಿ. ಮಲ್ಪೆಯವರೇ, ಕಲ್ಲು?

ಮಲ್ಪೆಯವರು: ಮೂರು ಕಲ್ಲು ತೆಗೆದು ಸ್ಟ್ಯಾಂಡ್ ಇಟ್ಟೆ. ನಾಲ್ಕನೆಯದು ತೂತಿನ ಬದಿಯದು. ಜ್ಯಾಕ್ ಕೊಟ್ಟರೆ ಗಾಡಿ ಏಳುವುದಿಲ್ಲ, ಚಾಸಿಸ್ ಒಳಗೆ ಹೋಗುತ್ತಿದೆ. ಕಲ್ಲಿನಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತಿದೆ.

ಮೇಸ್ತ್ರಿ: ಜ್ಯಾಕ್ ಮುಟ್ಟಬೇಡಿ. ಮಕ್ಕಳನ್ನು ಅಂಗಳಕ್ಕೆ ಬಿಡಬೇಡಿ. ಲೊಕೇಶನ್ ಕಳುಹಿಸಿ, ಹೊರಟೆ.