ತಾತನ ಕಾಲದ ಚೈನ್ ಸಾ: ಯಾವ ಕಂಪನಿದು, ಮತ್ತೆ ಓಡುತ್ತಾ?

ಪ್ರಶ್ನೆ (ಮದ್ದೂರು ಕಡೆಯ ಸದಸ್ಯೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಕೊಡಗಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕೆಲಸ ಬಿಟ್ಟು ಊರಿಗೆ ಬರುವಾಗ ತೋಟದವರು ಹಳೇ ಮರ ಕೊಯ್ಯುವ ಮೆಷಿನ್ ಒಂದನ್ನು ಕೊಟ್ಟು ಕಳಿಸಿದ್ದರಂತೆ. ಆಮೇಲೆ ಊರಲ್ಲಿ ಯಾರ ಹೊಲದಲ್ಲಿ ದೊಡ್ಡ ಮರ ಬಿದ್ದರೂ ತಾತನಿಗೇ ಕರೆ ಬರುತ್ತಿತ್ತು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆವು. ಈಗ ಹೆಂಚು ಬದಲಿಸಬೇಕು ಅಂತ ಅಟ್ಟ ಖಾಲಿ ಮಾಡುವಾಗ ಇಳಿಸಿದೆವು.

ಹೆಸರಿನ ಪ್ಲೇಟ್ ಬಿದ್ದುಹೋಗಿದೆ. ಬಣ್ಣ ಮುಕ್ಕಾಲು ಪಾಲು ಹೋಗಿದೆ. ಎತ್ತೋಕೆ ಇಬ್ಬರು ಬೇಕು ಅನ್ನಿಸುವಷ್ಟು ಭಾರ. ಗುಜರಿಗೆ ಹಾಕೋಣ ಅಂತಾನೆ ತಮ್ಮ. ನನಗೆ ಮನಸ್ಸು ಬರುತ್ತಿಲ್ಲ. ಇದು ಯಾವ ಕಂಪನಿದು ಅಂತ ಹೇಗೆ ಗೊತ್ತು ಮಾಡೋದು? ಮತ್ತೆ ಸ್ಟಾರ್ಟ್ ಆಗುತ್ತಾ? ಮೊದಲು ಪೇಂಟ್ ಹೊಡೆಸಬೇಕಾ?

ಉತ್ತರ (ಮೈಸೂರಿನ ಮೆಕ್ಯಾನಿಕ್, ಚೈನ್ ಸಾ ಮತ್ತು ಪವರ್ ಸ್ಪ್ರೇಯರ್ ರಿಪೇರಿ)

ಅಕ್ಕ, ದಯವಿಟ್ಟು ಗುಜರಿಗೆ ಹಾಕಬೇಡಿ. ಪೇಂಟ್ ಕೂಡ ಈಗ ಬೇಡ. ಎಲ್ಲಕ್ಕಿಂತ ಮುಖ್ಯ, ಯಾರೂ ಸ್ಟಾರ್ಟರ್ ಹಗ್ಗ ಎಳೆಯಬಾರದು. ಮನೆಗೆ ಬಂದವರೆಲ್ಲ ಒಂದೊಂದು ಸಲ ಎಳೆದು ನೋಡುತ್ತಾರೆ, ಅಲ್ಲೇ ಅರ್ಧ ಮೆಷಿನ್ ಹಾಳಾಗೋದು. ಸಿಲಿಂಡರ್ ಒಳಗೆ ತುಕ್ಕೋ ಧೂಳೋ ಇದ್ದರೆ ಒಣ ಪಿಸ್ಟನ್ ಅದನ್ನು ಉಜ್ಜಿಕೊಂಡೇ ಓಡಾಡುತ್ತದೆ.

ಹೆಸರಿನ ಪ್ಲೇಟ್ ಇಲ್ಲದಿದ್ದರೂ ಗುರುತು ಸಿಗುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ಲಿನಲ್ಲಿ ಒಂದು ಹಳೇ ಟೂತ್ ಬ್ರಷ್ ಅದ್ದಿ ಬಾಡಿ ಮೇಲಿನ ಜಿಡ್ಡು ತೆಗೆಯಿರಿ. ಎರಕ ಹೊಯ್ದ ಭಾಗಗಳ ಮೇಲೆ, ಹೆಚ್ಚಾಗಿ ಒಳಮೈಯಲ್ಲಿ, ಉಬ್ಬಿದ ಅಕ್ಷರದಲ್ಲಿ ಉದ್ದ ನಂಬರ್ ಇರುತ್ತದೆ. ಒಂದೇ ಭಾಗದ್ದು ನೋಡಿ ಬಿಡಬೇಡಿ. ಎರಡು ಮೂರು ಭಾಗಗಳಲ್ಲಿ ಮೊದಲ ನಾಲ್ಕು ಅಂಕಿ ಏನಿದೆ ಬರೆದುಕೊಳ್ಳಿ. ಬಾಡಿ ಮೇಲೆ ಕೊರೆದ ಸೀರಿಯಲ್ ನಂಬರ್ ಬೇರೆ ಇರುತ್ತದೆ, ಅದನ್ನೂ ಹಾಕಿ.

ಚೈನ್ ಇದ್ದರೆ ಅಕ್ಕಪಕ್ಕದ ಮೂರು ರಿವೆಟ್ ಹಿಡಿಯಿರಿ. ಮೊದಲನೇದರ ಮಧ್ಯದಿಂದ ಮೂರನೇದರ ಮಧ್ಯಕ್ಕೆ ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಅದರಲ್ಲಿ ಅರ್ಧ ಚೈನಿನ ಪಿಚ್, ಅಂದರೆ ಚೈನಿನ ಸೈಜ್. ಕೈ ಹಿಡಿಯುವ ಜಾಗಕ್ಕೂ ಇಂಜಿನ್ನಿಗೂ ನಡುವೆ ನಡುಕ ತಡೆಯುವ ರಬ್ಬರ್ ಬುಷ್ ಇದೆಯಾ, ಮುಂದಿನ ಹಿಡಿಯ ಎದುರಿಗೆ ತಳ್ಳುವ ಗಾರ್ಡ್ ಇದೆಯಾ ಅಂತಲೂ ನೋಡಿ. ಕಾಲ ಗೊತ್ತು ಮಾಡೋಕೆ ಇವು ಬೇಕು.

ಪ್ರಶ್ನೆ ಕೇಳಿದವರು

ಸರ್, ನಮ್ಮೂರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗನನ್ನು ಕರೆಸಿ ನೋಡಿದೆವು. ಎರಡು ಭಾಗಗಳಲ್ಲಿ ನಂಬರ್ ಸ್ಪಷ್ಟವಾಗಿ ಕಾಣಿಸಿತು, ಎರಡೂ 1106ರಿಂದ ಶುರುವಾಗುತ್ತವೆ. ಸೀರಿಯಲ್ ನಂಬರ್ ಒಂಬತ್ತು ಅಂಕಿದು, ಮೊದಲನೇದು 1. ಮೂರು ರಿವೆಟ್ ಅಳತೆ 20.5 ಮಿ.ಮೀ. ಹತ್ತಿರ ಬಂತು. ರಬ್ಬರ್ ಬುಷ್ ಯಾವುದೂ ಕಾಣಲಿಲ್ಲ. ಗಾರ್ಡ್ ಇಲ್ಲ.

ಮೆಕ್ಯಾನಿಕ್

ಅಕ್ಕ, ಒಳ್ಳೇ ಮೆಷಿನ್ ಇಟ್ಟುಕೊಂಡಿದ್ದೀರಿ. 1106 ಅಂದರೆ ಜರ್ಮನಿಯ ಸ್ಟಿಲ್ ಕಂಪನಿ. ಅವರ ಪಾರ್ಟ್ ನಂಬರಿನ ಮೊದಲ ನಾಲ್ಕು ಅಂಕಿ ಯಾವ ಮಾಡೆಲ್ ಕುಟುಂಬ ಅಂತ ಹೇಳುತ್ತದೆ. 1106 ಅಂದರೆ 070 ಮತ್ತು 090. ಸೀರಿಯಲ್ 1ರಿಂದ ಶುರುವಾದರೆ ಜರ್ಮನಿಯಲ್ಲಿ ತಯಾರಾದದ್ದು, 2 ಇದ್ದರೆ ಅಮೆರಿಕ, 3 ಬ್ರೆಜಿಲ್. ಯಾವ ವರ್ಷದ್ದು ಅಂತ ಮಾತ್ರ ಆ ನಂಬರ್ ನೋಡಿ ನೇರವಾಗಿ ಹೇಳೋಕಾಗಲ್ಲ.

ಈ ವಂಶದ ಹಿರಿಯ ಕಾಂಟ್ರಾ ಅನ್ನೋ ಮಾಡೆಲ್, 1959ರಲ್ಲಿ ಬಂದದ್ದು. ಅದಕ್ಕೂ ಮೊದಲಿನ ದೊಡ್ಡ ಮೆಷಿನ್‌ಗಳಲ್ಲಿ ಇಂಜಿನ್ನಿಗೂ ಚೈನಿಗೂ ನಡುವೆ ಗೇರ್ ಇರುತ್ತಿತ್ತು. ಕಾಂಟ್ರಾದಲ್ಲಿ ಗೇರ್ ತೆಗೆದು ಕ್ಲಚ್ ಮೂಲಕ ನೇರವಾಗಿ ಚೈನ್ ಓಡಿಸಿದರು. ನಿಮ್ಮದು ಅದೇ ದಾರಿಯಲ್ಲಿ ಬಂದದ್ದು.

070 ಮತ್ತು 090 ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎರಡರ ಸ್ಟ್ರೋಕೂ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 40 ಮಿ.ಮೀ. ಆದರೆ 070ರ ಬೋರ್ (ಸಿಲಿಂಡರಿನ ಒಳ ಅಗಲ) 58 ಮಿ.ಮೀ., ಹಾಗಾಗಿ ಸುಮಾರು 106 ಸಿಸಿ. 090ದು 66 ಮಿ.ಮೀ., 137 ಸಿಸಿ. ಸಿಲಿಂಡರ್ ಬಿಚ್ಚಿದ ದಿನ ವರ್ನಿಯರ್ ಸ್ಕೇಲ್ ಹಿಡಿದು ಅಳೆದರೆ ಅನುಮಾನವೇ ಉಳಿಯಲ್ಲ. ನನ್ನ ಹತ್ತಿರ ಕೊಡಗಿನಿಂದ ಬಂದವು ಜಾಸ್ತಿ 070, ನಿಮ್ಮದೂ ಅದೇ ಇರಬಹುದು. ಚೈನ್ ಅಳತೆಯೂ ಸರಿಹೋಗುತ್ತದೆ: 20.5ರಲ್ಲಿ ಅರ್ಧ 10.25 ಮಿ.ಮೀ., ಅಂದರೆ 0.404 ಇಂಚಿನ ಪಿಚ್. ದೊಡ್ಡ ದಿಮ್ಮಿ ಕೊಯ್ಯುವ ಮೆಷಿನ್‌ಗೆ ಹಾಕುವ ಚೈನ್ ಅದು. ಅದನ್ನು ಹರಿತ ಮಾಡೋಕೆ 5.5 ಮಿ.ಮೀ. ದುಂಡು ಅರ ಬೇಕು.

ಈಗ ರಿಪೇರಿ ವಿಷಯ. ಇಂಥ ಮೆಷಿನ್ ನಿಂತುಹೋದಾಗ ಲೋಹ ಹಾಳಾಗಿರೋದು ಕಮ್ಮಿ, ಹಾಳಾಗೋದು ರಬ್ಬರ್. ಪೆಟ್ರೋಲ್ ಪೈಪ್, ಕಾರ್ಬುರೇಟರಿನ ಡಯಾಫ್ರಮ್ ಅನ್ನೋ ತೆಳು ಪೊರೆ, ಪಿಸ್ಟನ್ ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕಿನ, ಎರಡು ಬದಿಯ ಆಯಿಲ್ ಸೀಲ್. ಇವು ಮೂರನ್ನೂ ಬದಲಿಸದೆ ಸ್ಟಾರ್ಟ್ ಮಾಡಬೇಡಿ. ಸೀಲ್ ಗಟ್ಟಿಯಾಗಿ ಸೀಳಿದ್ದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲಿಗೆ ಗಾಳಿ ಜಾಸ್ತಿಯಾಗುತ್ತದೆ, ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಕಮ್ಮಿಯಾಗುತ್ತದೆ. ಮೆಷಿನ್ ಮಾತ್ರ ಸಖತ್ ಜೋರಾಗಿ ಓಡುತ್ತದೆ. ಎಂಥ ಪಿಕಪ್ ನೋಡು ಅಂತ ಎಲ್ಲರೂ ಖುಷಿಪಡುವಾಗಲೇ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ತಾತ ಸರಿಯಾಗಿ ಓಡುವ ಸ್ಥಿತಿಯಲ್ಲಿ ಎತ್ತಿಟ್ಟ ಮೆಷಿನ್ ಹೀಗೆ ಮೊದಲ ಹತ್ತು ನಿಮಿಷದಲ್ಲಿ ಸಾಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಒಂದೆರಡು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಡಿ. ರಾತ್ರಿಯೆಲ್ಲಾ ಹಾಗೇ ಇರಲಿ. ಬೆಳಿಗ್ಗೆ ಸ್ಟಾರ್ಟರ್ ಕವರ್ ಒಳಗಿನ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ತಿರುಗಲಿಲ್ಲ ಅಂದರೆ ಬಲ ಹಾಕಬೇಡಿ. ತಿರುಗಿದರೆ ಸೈಲೆನ್ಸರ್ ಬಿಚ್ಚಿ ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ. ಪಿಸ್ಟನ್ ಪಕ್ಕೆ ಕಾಣುತ್ತದೆ. ನುಣುಪಾಗಿ ಬೂದು ಬಣ್ಣಕ್ಕೆ ಹೊಳೆಯುತ್ತಿದ್ದರೆ ಒಳ್ಳೇದು. ಮೇಲಿಂದ ಕೆಳಕ್ಕೆ ಗೀರು ಇದ್ದರೆ ಫೋಟೋ ಹಾಕಿ.

ಹುಣಸೂರಿನ ಸದಸ್ಯರು

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಈಗ ಬಂಕಿನಲ್ಲಿ ಸಿಗೋದು E20 ಪೆಟ್ರೋಲ್. ಇಷ್ಟು ಹಳೇ ಮೆಷಿನ್‌ಗೆ ಅದನ್ನು ಹಾಕಬಹುದಾ? ಆಯಿಲ್ ಎಷ್ಟು ಬೆರೆಸಬೇಕು?

ಮೆಕ್ಯಾನಿಕ್

ಒಳ್ಳೇ ಪ್ರಶ್ನೆ ಅಣ್ಣ. E20 ಅಂದರೆ ನೂರರಲ್ಲಿ 20 ಪಾಲು ಎಥನಾಲ್. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅದನ್ನು ಬಿಡುಗಡೆ ಮಾಡಿದ್ದು. ಎಥನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಹಾಗೇ ಬಿಟ್ಟರೆ ನೀರು ಸೇರಿದ ಎಥನಾಲ್ ಕೆಳಗೆ ಇಳಿದು ಬೇರೆಯಾಗಿ ನಿಲ್ಲುತ್ತದೆ. ಹಳೇ ರಬ್ಬರ್ ಅದಕ್ಕೆ ತಡೆಯಲ್ಲ, ಉಬ್ಬುತ್ತದೆ. ಮೆಗ್ನೀಷಿಯಂ ಬಾಡಿಗೂ ನೀರು ಒಳ್ಳೇದಲ್ಲ.

ಅದಕ್ಕೇ ನಾನು ಹೊಸ ಪೈಪ್, ಹೊಸ ಡಯಾಫ್ರಮ್ ಅಂತ ಒತ್ತಿ ಹೇಳೋದು. ಆಮೇಲೆ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ. ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಐಡಲಿನಲ್ಲಿ ಓಡಿಸಿ ನಿಲ್ಲಿಸಿ.

ಆಯಿಲ್ ವಿಷಯಕ್ಕೆ ಬಂದರೆ, ಸ್ಟಿಲ್ ಕಂಪನಿಯ ಸ್ವಂತ ಆಯಿಲ್ ಆದರೆ 1:50, ಲೀಟರಿಗೆ 20 ಎಂ.ಎಲ್. ಬೇರೆ ಟೂ ಸ್ಟ್ರೋಕ್ ಆಯಿಲ್ ಆದರೆ 1:25, ಲೀಟರಿಗೆ 40 ಎಂ.ಎಲ್. ಹೊಗೆ ಜಾಸ್ತಿ ಬರುತ್ತದೆ ಅಂತ ಆಯಿಲ್ ಕಮ್ಮಿ ಮಾಡಬೇಡಿ. ಬೈಕಿಗೆ ಹಾಕುವ ಇಂಜಿನ್ ಆಯಿಲ್ ಇದಕ್ಕೆ ಬೇಡವೇ ಬೇಡ.

ಮೈಸೂರಿನ ಇನ್ನೊಬ್ಬ ಸದಸ್ಯರು

ಆನ್‌ಲೈನಿನಲ್ಲಿ 070 ಅಂತಲೇ ಹೊಸ ಮೆಷಿನ್ ಕಮ್ಮಿ ರೇಟಿಗೆ ಬರುತ್ತದಲ್ಲ. ರಿಪೇರಿಗೆ ಖರ್ಚು ಮಾಡೋದಕ್ಕಿಂತ ಅದೇ ತಗೊಳ್ಳಬಹುದಲ್ವಾ?

ಮೆಕ್ಯಾನಿಕ್

ಕೆಲಸಕ್ಕೆ ಮಾತ್ರ ಮೆಷಿನ್ ಬೇಕಿದ್ದರೆ ಅದೂ ಬೇಡ ಅಂತೀನಿ. ಚೈನ್ ಬ್ರೇಕ್ ಇರುವ ಈಗಿನ ಕಾಲದ ಮೆಷಿನ್ ತಗೊಳ್ಳಿ. ನೀವು ನೋಡಿದವು ಹೆಚ್ಚಾಗಿ ಚೀನಾದ ನಕಲು. ಆದರೆ ಅಕ್ಕನಿಗೆ ಆ ನಕಲುಗಳಿಂದ ಒಂದು ಉಪಕಾರ ಇದೆ. ಅದೇ ಅಳತೆಯ ಗ್ಯಾಸ್ಕೆಟ್, ಡಯಾಫ್ರಮ್ ಕಿಟ್, ಸ್ಟಾರ್ಟರ್ ಸ್ಪ್ರಿಂಗ್ ಸುಲಭವಾಗಿ ಸಿಗುತ್ತವೆ. ಸಿಲಿಂಡರ್, ಪಿಸ್ಟನ್ ಮಾತ್ರ ನಕಲಿನದು ಹಾಕಬೇಡಿ. ಹಳೇದು ಚೂರು ಸವೆದಿದ್ದರೂ ಅದನ್ನೇ ಉಳಿಸಿಕೊಳ್ಳಿ. ಬಿಚ್ಚಿದ ಹಳೇ ಪಾರ್ಟುಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿಡಿ.

ಆಯಿಲ್ ಸೀಲ್ ಮೈಸೂರಿನ ಬೇರಿಂಗ್ ಅಂಗಡಿಗಳಲ್ಲೇ ಕೇಳಬಹುದು. ಹಳೇ ಸೀಲಿನ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಬರೆದಿರುತ್ತದೆ. ಶಾಖ ತಡೆಯುವ ವೈಟಾನ್ ಸೀಲ್ ಕೊಡಿ ಅಂತ ಕೇಳಿ.

ಪ್ರಶ್ನೆ ಕೇಳಿದವರು

ಸರ್, ನೀವು ಹೇಳಿದ ಹಾಗೇ ಮಾಡಿದೆವು. ಫ್ಲೈವೀಲ್ ತಿರುಗಿತು! ಸೈಲೆನ್ಸರ್ ಬಿಚ್ಚಿ ನೋಡಿದರೆ ಪಿಸ್ಟನ್ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು ಮೂರು ನಾಲ್ಕು ಇವೆ. ಪೆಟ್ರೋಲ್ ಪೈಪ್ ಮುಟ್ಟಿದ ಕೂಡಲೇ ಪುಡಿಪುಡಿಯಾಗಿ ಕೈಗೆ ಬಂತು. ಟ್ಯಾಂಕಿನ ತಳದಲ್ಲಿ ಅಂಟಿನ ಥರ ಕಂದು ಬಣ್ಣದ ಏನೋ ಗಟ್ಟಿಯಾಗಿದೆ. ಪಂಪ್‌ಸೆಟ್ ಹುಡುಗ ಆಸಿಡ್ ಹಾಕಿ ತೊಳೆಯೋಣ, ಆಮೇಲೆ ಗ್ರೈಂಡರ್ ಹಿಡಿದು ಹಳೇ ಬಣ್ಣ ಎಲ್ಲ ತೆಗೆಯೋಣ ಅಂತಿದ್ದಾನೆ.

ಮೆಕ್ಯಾನಿಕ್

ಎರಡೂ ಬೇಡ! ಬಾಡಿ ಮೆಗ್ನೀಷಿಯಂ. ಆಸಿಡ್ ಅದನ್ನು ತಿಂದುಹಾಕುತ್ತದೆ. ಗ್ರೈಂಡರ್ ಹಿಡಿದರೆ ಏಳುವ ಪುಡಿಗೆ ಬೆಂಕಿ ಹತ್ತಬಹುದು, ಅದಕ್ಕೆ ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಟ್ಯಾಂಕಿಗೆ ಥಿನ್ನರ್ ಹಾಕಿ ಒಂದಿನ ಬಿಟ್ಟು, ಅಲ್ಲಾಡಿಸಿ ಚೆಲ್ಲಿ. ಆ ಅಂಟು ಹಳೇ ಪೆಟ್ರೋಲ್, ಕರಗುತ್ತದೆ. ಕಟ್ಟಿಗೆ ಒಲೆ ಹತ್ತಿರ ಮಾತ್ರ ಈ ಕೆಲಸ ಮಾಡಬೇಡಿ. ಬಣ್ಣ ಹೇಗಿದೆಯೋ ಹಾಗೇ ಇರಲಿ ಅನ್ನೋದು ನನ್ನ ಅಭಿಪ್ರಾಯ. ತಾತನ ಕೈ ಸವೆದ ಹಿಡಿಯ ಮೇಲೆ ಹೊಸ ಪೇಂಟ್ ಯಾಕೆ?

ಪಿಸ್ಟನ್ ಗೆರೆಗಳ ಮೇಲೆ ಉಗುರು ಅಡ್ಡ ಆಡಿಸಿ ನೋಡಿ. ಉಗುರಿಗೆ ತಗಲದಿದ್ದರೆ ಚಿಂತೆ ಬೇಡ. ತಗಲಿದರೆ ಸಿಲಿಂಡರ್ ಬಿಚ್ಚಲೇಬೇಕು.

ಕಿಡಿ ಬರದಿದ್ದರೆ ಕಾಯಿಲ್ ಹೋಗಿದೆ ಅಂತ ಎಸೆಯಬೇಡಿ. ಹಳೇ 070ಯಲ್ಲಿ ಫ್ಲೈವೀಲ್ ಒಳಗೆ ಪಾಯಿಂಟ್, ಅಂದರೆ ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಸ್ವಿಚ್, ಇರುತ್ತದೆ. ಕೂತು ಕೂತು ಅದರ ಮುಖಕ್ಕೆ ಕಿಲುಬು ಹಿಡಿದಿರುತ್ತದೆ. ನುಣುಪು ಎಮರಿ ಕಾಗದದಲ್ಲಿ ಉಜ್ಜಿ, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದ ಎಳೆದು ಒರೆಸಿದರೆ ಎಷ್ಟೋ ಸಲ ಕಿಡಿ ವಾಪಸ್ ಬರುತ್ತದೆ. ಪ್ಲಗ್ಗಿನ ಗ್ಯಾಪ್ 0.5 ಮಿ.ಮೀ. ಇರಲಿ.

ಸೀಲ್ ಹಾಕಿದ ಮೇಲೆ ಒಂದು ಪರೀಕ್ಷೆ ತಪ್ಪಿಸಬೇಡಿ. ಇನ್‌ಲೆಟ್, ಸೈಲೆನ್ಸರ್ ತೂತು ಎರಡನ್ನೂ ಟ್ಯೂಬ್ ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚಿ, ಗೇಜ್ ಇರುವ ಕೈಪಂಪಿನಿಂದ 0.5 ಬಾರ್ ಒತ್ತಡದ ಗಾಳಿ ಹಾಕಿ. ಮುಳ್ಳು ಇಳಿಯಬಾರದು. ಇಳಿದರೆ ಸೋಪಿನ ನೀರು ಸವರಿ, ಎಲ್ಲಿ ಗುಳ್ಳೆ ಬರುತ್ತದೋ ಅಲ್ಲಿ ಸೋರುತ್ತಿದೆ. ಪಂಪ್‌ಸೆಟ್ ಹುಡುಗನಿಗೆ ಇದು ಹೊಸದಿರಬಹುದು. ಅವನನ್ನು ಮೆಷಿನ್ ಸಮೇತ ಮೈಸೂರಿಗೆ ಕಳಿಸಿ, ಜೊತೆಗೇ ಕೂತು ಮಾಡೋಣ.

ಪ್ರಶ್ನೆ ಕೇಳಿದವರು

ಖಂಡಿತ ಕಳಿಸುತ್ತೇನೆ ಸರ್. ಇಷ್ಟು ದೂರ ಬಂದ ಮೇಲೆ ತಮ್ಮನಿಗೂ ಹುಮ್ಮಸ್ಸು ಬಂದಿದೆ. ಗದ್ದೆ ಬದಿಯಲ್ಲಿ ಒಂದು ಒಣಗಿದ ಮರ ಇದೆ, ಇದರಲ್ಲೇ ಕೊಯ್ಯುತ್ತೀನಿ ಅಂತಿದ್ದಾನೆ.

ಮೆಕ್ಯಾನಿಕ್

ತಮ್ಮನ ಹುಮ್ಮಸ್ಸು ನೋಡಿ ಸಂತೋಷ ಆಯಿತು, ಆದರೆ ಇದರಲ್ಲಿ ಬೇಡ ಅಕ್ಕ. ಚೈನ್ ಸುತ್ತುವ ಉದ್ದ ಪಟ್ಟಿಯ, ಅಂದರೆ ಬಾರಿನ, ಮೂತಿಯ ಮೇಲ್ಭಾಗ ಮರಕ್ಕೆ ತಗಲಿದರೆ ಮೆಷಿನ್ ಒಂದೇ ಏಟಿಗೆ ಹಿಡಿದವರ ಮುಖದ ಕಡೆ ಹಾರುತ್ತದೆ. ಈಗಿನ ಮೆಷಿನ್‌ಗಳಲ್ಲಿ ಆ ಕ್ಷಣಕ್ಕೆ ಚೈನ್ ನಿಲ್ಲಿಸುವ ಬ್ರೇಕ್ ಇದೆ. ಅಂಥ ಬ್ರೇಕ್ ಬಂದದ್ದೇ 1970ರ ದಶಕದಲ್ಲಿ, ನಿಮ್ಮದರಲ್ಲಿ ಇಲ್ಲ. ಜೊತೆಗೆ ಬಾರ್, ಚೈನ್ ಬಿಟ್ಟೇ 10 ಕಿಲೋ ಮೇಲೆ ತೂಕ. ರಬ್ಬರ್ ಬುಷ್ ಇಲ್ಲದ್ದರಿಂದ ನಡುಕ ಪೂರ್ತಿ ಕೈಗೇ ಬರುತ್ತದೆ. ವರ್ಷಗಟ್ಟಲೆ ಇಂಥದ್ದರಲ್ಲಿ ದುಡಿದವರ ಬೆರಳು ಚಳಿಗೆ ಬೆಳ್ಳಗಾಗಿ ಮರಗಟ್ಟುವ ಕಾಯಿಲೆಯೇ ಇದೆ.

ನೆಲದ ಮೇಲೆ ಅಲ್ಲಾಡದ ಹಾಗೆ ಇಟ್ಟ ದಿಮ್ಮಿಯಲ್ಲಿ, ಅನುಭವ ಇರುವವರು ಪಕ್ಕದಲ್ಲಿದ್ದಾಗ, ಒಂದೆರಡು ತುಂಡು ಹಾಕಿ ನೋಡಲಿ. ಹೆಲ್ಮೆಟ್, ಕನ್ನಡಕ, ಕಿವಿಗೆ ಮಫ್, ಶೂ ಇರಬೇಕು. ಪಂಚೆ ಉಟ್ಟು ಖಂಡಿತ ಬೇಡ. ನಿಂತ ಮರಕ್ಕೆ ಬ್ರೇಕ್ ಇರುವ ಮೆಷಿನ್ ಇರುವವರನ್ನು ಕರೆಸಿ.

ಆ ಮರ ಯಾವುದು ಅಂತ ನೀವು ಹೇಳಿಲ್ಲ. ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್ ಥರದ ಕೆಲವಕ್ಕೆ ವಿನಾಯಿತಿ ಇದೆ. ಬೇರೆ ಮರ ಆದರೆ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿ.

ಹುಡುಗ ಬರುವಾಗ ಬಾರ್, ಚೈನ್ ಕೂಡ ತರಲಿ. ಬಾರಿನ ಎಣ್ಣೆ ತೂತು ಕಟ್ಟಿರುತ್ತದೆ, ಅದನ್ನೂ ಬಿಡಿಸಬೇಕು. ಅಷ್ಟರೊಳಗೆ ಸಿಲಿಂಡರ್ ಬಿಚ್ಚಿದರೆ ಪಿಸ್ಟನ್ ಅಳತೆ ಇಲ್ಲೇ ಹಾಕಿ. 58ಆ, 66ಆ ಅಂತ ಗೊತ್ತಾದರೆ ರಿಂಗ್ ತರಿಸಿಡುತ್ತೇನೆ.