ಪ್ರಾಯೋಜಿತ ತರಬೇತಿ ಮುಗಿಸಿ ಬಂದ ಮೇಲೆ: ಸಂಖ್ಯಾಶಾಸ್ತ್ರ ತರಬೇತುದಾರರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ನಮ್ಮ ಜೊತೆ ಇರುವವರು ಸಂಖ್ಯಾಶಾಸ್ತ್ರದ ತರಬೇತುದಾರರು. ಪ್ರಾಯೋಜಕರ ಖರ್ಚಿನಲ್ಲಿ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಪಾಠ ಮಾಡುವವರು. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹೊಸ ಲೆಕ್ಚರರ್: ನಮಸ್ತೆ ಮೇಡಂ. ಇಂಥ ತರಬೇತಿಯಲ್ಲಿ ಪ್ರಾಯೋಜಕರು ಏನೇನು ಕೊಡುತ್ತಾರೆ?

ತರಬೇತುದಾರರು: ನಮಸ್ತೆ. ಒಂದೊಂದು ಕಡೆ ಒಂದೊಂದು ಥರ. ಸಾಮಾನ್ಯವಾಗಿ ಓಡಾಟ, ಊಟ, ವಸತಿ, ಕೋರ್ಸಿನ ಶುಲ್ಕ ಅವರದು. ರಜೆ ಮಾತ್ರ ನಿಮ್ಮ ಸಂಸ್ಥೆ ಕೊಡಬೇಕು. ಅದನ್ನು ಹೊರಡುವ ಮುಂಚೆಯೇ ಬರಹದಲ್ಲಿ ತಗೊಳ್ಳಿ. ‘ಹೋಗಿ ಬನ್ನಿ, ನೋಡೋಣ’ ಅಂದ ಪ್ರಿನ್ಸಿಪಾಲರನ್ನು ನಂಬಿ ಬಂದವರೊಬ್ಬರು ಐದನೇ ದಿನಕ್ಕೇ ಪೆಟ್ಟಿಗೆ ಕಟ್ಟಿದ್ದನ್ನು ನೋಡಿದ್ದೇನೆ.

ಅರ್ಥಶಾಸ್ತ್ರದವರು: ಸರ್ಟಿಫಿಕೇಟ್ ಬಡ್ತಿಗೆ ಲೆಕ್ಕಕ್ಕೆ ಬರುತ್ತಾ ಮೇಡಂ?

ತರಬೇತುದಾರರು: ಅದು ನಿಮ್ಮ ವಿಶ್ವವಿದ್ಯಾಲಯದ ನಿಯಮಕ್ಕೆ ಬಿಟ್ಟದ್ದು. ಅಲ್ಲೇ ಕೇಳಿ.

ಜೀವಶಾಸ್ತ್ರದ ಮೇಷ್ಟ್ರು: ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ಹೋದ ವರ್ಷ ಎರಡು ವಾರದ ಪ್ರಾಯೋಜಿತ ತರಬೇತಿಗೆ ಹೋಗಿದ್ದೆ. ಚೆನ್ನಾಗಿಯೇ ನಡೀತು. ಅಲ್ಲಿ ಕೊಟ್ಟ ಸ್ಲೈಡುಗಳನ್ನೇ ಇಟ್ಟುಕೊಂಡು ಎರಡು ಬ್ಯಾಚಿಗೆ ಪಾಠ ಮಾಡಿದ್ದೇನೆ. ಒಂದು ಸ್ಲೈಡಿನಲ್ಲಿ ‘ಪಿ ವ್ಯಾಲ್ಯೂ 0.03 ಬಂದರೆ ನಮ್ಮ ಊಹೆ ಸರಿ ಇರುವ ಸಾಧ್ಯತೆ ನೂರಕ್ಕೆ 97’ ಅಂತಿದೆ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು ‘ಸರ್, ಪುಸ್ತಕದಲ್ಲಿ ಹೀಗಿಲ್ಲ’ ಅಂದಳು. ಆಮೇಲೆ ನೋಡ್ತೀನಿ ಅಂದು ಕೂರಿಸಿದೆ. ಯಾರು ಸರಿ?

ತರಬೇತುದಾರರು: ಹುಡುಗಿ ಸರಿ. ಸ್ಲೈಡ್ ತಪ್ಪು. ಇದನ್ನು ಓದಿ ನನಗೆ ನಿಜಕ್ಕೂ ಗಾಬರಿಯಾಯಿತು, ಅದಕ್ಕೇ ಉದ್ದ ಬರೀತೀನಿ.

0.03 ಹೇಳುವುದು ಇಷ್ಟೇ: ಎರಡು ಗುಂಪಿನ ನಡುವೆ ನಿಜವಾಗಿ ಏನೂ ವ್ಯತ್ಯಾಸ ಇಲ್ಲ ಅಂದುಕೊಳ್ಳಿ. ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಅಂತರ ನೂರಕ್ಕೆ 3 ಸಲ ಕಾಣಬಹುದು. ಊಹೆ ಎಷ್ಟರ ಮಟ್ಟಿಗೆ ನಿಜ ಅನ್ನುವ ಪ್ರಶ್ನೆಗೆ ಆ ಸಂಖ್ಯೆಯಲ್ಲಿ ಉತ್ತರವೇ ಇಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಇದನ್ನೇ ಹೇಳಿಕೆ ಹೊರಡಿಸಿ ಹೇಳಬೇಕಾಯಿತು. ಅಷ್ಟು ಹರಡಿದ ತಪ್ಪು ಇದು.

ಒಂದು ಲೆಕ್ಕ ಹಾಕಿ ನೋಡಿ. 1000 ಊಹೆ ಪರೀಕ್ಷೆ ಮಾಡುತ್ತೀರಿ. ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ‘ಪಾಸ್’ ಅಂತ ಇಟ್ಟುಕೊಳ್ಳಿ. ಅದರಲ್ಲಿ ನಿಜವಾದವು 100 ಮಾತ್ರ. ಆ ನೂರರಲ್ಲಿ 80 ನಿಮ್ಮ ಪರೀಕ್ಷೆಗೆ ಸಿಕ್ಕವು ಅಂದುಕೊಳ್ಳಿ. ಉಳಿದ 900 ಸುಳ್ಳು ಊಹೆಗಳಲ್ಲಿ ನೂರಕ್ಕೆ 5ರಂತೆ 45 ‘ಪಾಸ್’ ಆಗುತ್ತವೆ. ಒಟ್ಟು ಪಾಸಾದದ್ದು 125, ಅದರಲ್ಲಿ ಸುಳ್ಳು 45. ಮೂರಕ್ಕೊಂದಕ್ಕಿಂತ ಜಾಸ್ತಿ! ಇನ್ನು 97ರ ಮಾತೆಲ್ಲಿ ಬಂತು?

ಜ್ಞಾನ ಹಂಚುವ ಈ ಕೆಲಸದಲ್ಲಿ ನನಗೆ ಭಯ ಇರುವುದು ಇಲ್ಲೇ. 25 ಅಧ್ಯಾಪಕರು, ಒಬ್ಬೊಬ್ಬರಿಗೆ ವರ್ಷಕ್ಕೆ 100 ಮಕ್ಕಳು ಅಂದರೆ ಒಂದು ಸ್ಲೈಡು 2500 ತಲೆಗೆ ಹೋಗುತ್ತದೆ. ಪ್ರಾಯೋಜಕರು ಎಣಿಸುವುದು ಸರ್ಟಿಫಿಕೇಟುಗಳನ್ನು. ಆರು ತಿಂಗಳ ಮೇಲೆ ಯಾರೂ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಮೊದಲು ತರಬೇತಿ ಕೊಟ್ಟವರಿಗೆ ಆ ಸ್ಲೈಡಿನ ಫೋಟೊ ಸಮೇತ ಬರೆಯಿರಿ. ನಿಮ್ಮ ಜೊತೆ ಬಂದಿದ್ದವರಿಗೂ ತಿಳಿಸಿ. ಆಮೇಲೆ ಕ್ಲಾಸಿನಲ್ಲಿ ಆ ಹುಡುಗಿಯ ಎದುರೇ ತಪ್ಪು ಒಪ್ಪಿಕೊಳ್ಳಿ, ಮರ್ಯಾದೆ ಏನೂ ಹೋಗಲ್ಲ. ಪಿ ವ್ಯಾಲ್ಯೂ ಏನು ಅಂತ ತೋರಿಸೋಕೆ ಕಂಪ್ಯೂಟರ್ ಬೇಡ. ಎರಡು ರೀತಿಯಲ್ಲಿ ಪಾಠ ಕೇಳಿದ ಹತ್ತು ಹತ್ತು ಮಕ್ಕಳ ಅಂಕಗಳನ್ನು 20 ಚೀಟಿಗಳಲ್ಲಿ ಬರೆಯಿರಿ, ಒಂದು ಚೀಟಿಗೆ ಒಂದು ಅಂಕ. ನಿಜವಾದ ಎರಡು ಸರಾಸರಿಗಳ ಅಂತರ ಬೋರ್ಡಿನ ಮೂಲೆಯಲ್ಲಿರಲಿ. ಪ್ರತಿಯೊಬ್ಬರಿಗೂ ಇದೇ 20 ಅಂಕಗಳ ಚೀಟಿಗಳ ಒಂದೊಂದು ಕಟ್ಟು ಕೊಡಿ. ಚೆನ್ನಾಗಿ ಕಲಸಿ, ಕಣ್ಣು ಮುಚ್ಚಿ ಹತ್ತು ಹತ್ತಾಗಿ ಹಂಚಲಿ. ಬಂದ ಅಂತರಕ್ಕೆ ಬೋರ್ಡಿನ ಗೆರೆಯ ಮೇಲೆ ಒಂದು ಚುಕ್ಕೆ. ಕೊನೆಗೆ ನಿಜವಾದ ಅಂತರದಷ್ಟು ಅಥವಾ ಅದನ್ನು ದಾಟಿದ ಚುಕ್ಕೆ ಸೊನ್ನೆಯ ಎರಡೂ ಕಡೆ ಸೇರಿ ನೂರಕ್ಕೆ ಎಷ್ಟು ಅಂತ ಎಣಿಸಲಿ. ಪಿ ವ್ಯಾಲ್ಯೂ ಅಂದರೆ ಸುಮಾರಾಗಿ ಅದೇ. ಹೇಗಾಯಿತು ಅಂತ ತಪ್ಪದೆ ಬರೆಯಿರಿ.

ಸಂಶೋಧನಾ ವಿದ್ಯಾರ್ಥಿ: ಬೇಸಿಯನ್ ವಿಧಾನವನ್ನೂ (ಮೊದಲಿನ ಅಂದಾಜನ್ನು ಡೇಟಾ ನೋಡಿ ತಿದ್ದುವುದು) ಈ ತರಬೇತಿಗಳಲ್ಲಿ ಕಲಿಸುತ್ತಾರಾ?

ವಾಣಿಜ್ಯದವರು: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೇನೆ: ‘30 ಸ್ಯಾಂಪಲ್ ಇದ್ದರೆ ಯಾವ ಸಂಶೋಧನೆಗೂ ಸಾಕು. ಡೇಟಾ ನಾರ್ಮಲ್ (ಗಂಟೆಯಾಕಾರದ ಹರಡುವಿಕೆ) ಇಲ್ಲದಿದ್ದರೆ ಲಾಗ್ (ಲಾಗರಿದಮ್) ತೆಗೆಯಿರಿ, ಸರಿಹೋಗುತ್ತದೆ.’

ತರಬೇತುದಾರರು: ಇದು ಉಪಯೋಗ ಅಲ್ಲ, ಉಪದ್ರವ. ಎಷ್ಟು ಸ್ಯಾಂಪಲ್ ಬೇಕು ಅನ್ನುವುದು ಎಷ್ಟು ಸಣ್ಣ ವ್ಯತ್ಯಾಸ ಹುಡುಕುತ್ತಿದ್ದೀರಿ, ಡೇಟಾ ಎಷ್ಟು ಚೆದುರಿದೆ ಅನ್ನುವುದರ ಮೇಲೆ ನಿಂತಿದೆ. ಇನ್ನು ಲಾಗ್. ಡೇಟಾದಲ್ಲಿ ಸೊನ್ನೆ ಇದ್ದರೆ ಏನು ಮಾಡ್ತೀರಿ? ಸೊನ್ನೆಗೆ ಲಾಗ್ ಇಲ್ಲ. ಕಷಾಯದ ಥರ ಎಲ್ಲದಕ್ಕೂ ಕುಡಿಸಬೇಡಿ.

ಅರ್ಥಶಾಸ್ತ್ರದವರು: ಯಾವ ಸಾಫ್ಟ್‌ವೇರ್ ಕಲಿಯಬೇಕು?

ತರಬೇತುದಾರರು: ಆರ್ ಅಥವಾ ಜಮೋವಿ. ಎರಡೂ ಉಚಿತ. ಲೈಸೆನ್ಸ್ ಮುಗಿದ ದಿನ ಪಾಠವೂ ಮುಗಿಯಬಾರದು.

ಎಕ್ಸೆಲ್ ಪ್ರೇಮಿ: ಎಕ್ಸೆಲ್ ಸಾಕು ರೀ. ಸುಮ್ನೆ ಮಕ್ಕಳಿಗೆ ಕೋಡ್ ಬರೆಸಿ ಯಾಕೆ ಹೆದರಿಸ್ತೀರಾ?

ಕೋಡ್ ಮೇಷ್ಟ್ರು: ಎಕ್ಸೆಲ್‌ನಲ್ಲಿ ಒಂದು ಸೆಲ್ ತಪ್ಪಿ ಅಳಿಸಿದರೆ ಯಾರಿಗೆ ಗೊತ್ತಾಗುತ್ತೆ? ಕೋಡ್‌ನಲ್ಲಿ ಮಾಡಿದ್ದೆಲ್ಲ ಕಾಣುತ್ತೆ.

ಎಕ್ಸೆಲ್ ಪ್ರೇಮಿ: ನೋಡುವವರಿಗೆ ಕೋಡ್ ಅರ್ಥ ಆದರೆ ತಾನೇ?

ಕೋಡ್ ಮೇಷ್ಟ್ರು: ಅರ್ಥ ಆಗದವರು ಪಾಠ ಮಾಡದಿದ್ದರೇ ಒಳ್ಳೇದು.

ಸಮಾಜಶಾಸ್ತ್ರದವರು: ಸಾಫ್ಟ್‌ವೇರ್ ಜಗಳ ಬಿಡಿ. ಶ್ರೀಮಂತ ದೇಶದವರು ಬಂದು ಬಡ ದೇಶದ ಮೇಷ್ಟ್ರಿಗೆ ಬುದ್ಧಿ ಹೇಳುವುದು, ಅದಕ್ಕೆ ‘ಹಂಚಿಕೆ’ ಅಂತ ಹೆಸರು. ನಾವು ಯಾವಾಗಲೂ ಕೇಳುವವರೇನಾ?

ನಿವೃತ್ತ ಪ್ರೊಫೆಸರ್: ಯಾವಾಗಲೂ ಅಲ್ಲ ಸ್ವಾಮಿ. ಕೋಲ್ಕತ್ತದಲ್ಲಿ 1950ರಲ್ಲೇ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಶಿಕ್ಷಣ ಕೇಂದ್ರ ಶುರುವಾಯಿತು. ಭಾರತವೇ ಏಷ್ಯಾ, ಆಫ್ರಿಕಾದವರನ್ನು ಕರೆಸಿ ಕಲಿಸಿತು. ಗೊತ್ತಿಲ್ಲದೆ ಮಾತಾಡಬೇಡಿ.

ಸಮಾಜಶಾಸ್ತ್ರದವರು: ಒಂದು ಕೋಲ್ಕತ್ತ ಹಿಡಿದು ಎಷ್ಟು ದಿನ ಬೀಗುತ್ತೀರಿ? ಸ್ಲೈಡುಗಳಲ್ಲಿ ಈಗಲೂ ಟೈಟಾನಿಕ್ ಹಡಗಿನ ಡೇಟಾನೇ ಇರೋದು. ನಮ್ಮ ಮಕ್ಕಳಿಗೂ ಅದಕ್ಕೂ ಏನು ಸಂಬಂಧ?

ನಿವೃತ್ತ ಪ್ರೊಫೆಸರ್: ನೀವು ನಿಮ್ಮ ಡೇಟಾ ಸಂಗ್ರಹಿಸಿ ತನ್ನಿ. ಯಾರು ಬೇಡ ಅಂದರು?

ತರಬೇತುದಾರರು: ಇಬ್ಬರಲ್ಲೂ ಅರ್ಧರ್ಧ ಸರಿ ಇದೆ. ನನ್ನ ತರಬೇತಿಗೆ ಬರುವವರು ತಮ್ಮ ಕ್ಲಾಸಿನಲ್ಲಿ ತಾವೇ ಕಲೆಹಾಕಿದ ಡೇಟಾ ತರಲೇಬೇಕು. ತರದವರಿಗೆ ಮೊದಲ ದಿನ ಕೆಲಸವೇ ಇರಲ್ಲ. ಈ ಜಗಳ ಇಲ್ಲಿಗೆ ಸಾಕು.

ಸಂಶೋಧನಾ ವಿದ್ಯಾರ್ಥಿ: ಬೇಸಿಯನ್ ಬಗ್ಗೆ ಕೇಳಿದ್ದೆ ಮೇಡಂ...

ವಾಣಿಜ್ಯದವರು: ಇನ್ನೊಂದು ಬಂದಿದೆ, ಬೇಗ ಅರ್ಜಿ ಹಾಕಿ: ‘ವಿದೇಶದಲ್ಲಿ ಸಂಖ್ಯಾಶಾಸ್ತ್ರ ಫೆಲೋಶಿಪ್, ಪೂರ್ತಿ ಉಚಿತ, ವೀಸಾ ಪ್ರೊಸೆಸಿಂಗ್ ಶುಲ್ಕ ಮಾತ್ರ ಇವತ್ತೇ ಕಟ್ಟಿ.’

ತರಬೇತುದಾರರು: ಯಾರೂ ಕಟ್ಟಬೇಡಿ! ಪೂರ್ತಿ ಉಚಿತ ಅಂದ ಮೇಲೆ ಶುಲ್ಕ ಯಾವುದು? ವೀಸಾ ಶುಲ್ಕ ಹೋಗುವುದು ಆ ದೇಶದ ದೂತಾವಾಸಕ್ಕೆ ಅಥವಾ ಅದು ನೇಮಿಸಿದ ಕೇಂದ್ರಕ್ಕೆ, ವಾಟ್ಸಾಪಿನಲ್ಲಿ ಬಂದ ಖಾತೆಗಲ್ಲ. ಸಂಸ್ಥೆಯ ಸ್ವಂತ ವೆಬ್‌ಸೈಟ್ ತೆರೆದು ನೋಡಿ. ಅಲ್ಲಿಲ್ಲ ಅಂದರೆ ಇಲ್ಲ. ಅಡ್ಮಿನ್, ಇದನ್ನು ತೆಗೀತೀರಾ? ಮೂರನೇ ಸಲ ಹೇಳಲ್ಲ.

ವಾಣಿಜ್ಯದವರು: ಒಳ್ಳೇದಾಗಲಿ ಅಂತ ಹಾಕಿದರೆ ಹೀಗೆ ರೇಗುತ್ತೀರಲ್ಲ.

ಅರ್ಥಶಾಸ್ತ್ರದವರು: ಹಾಗಾದ್ರೆ ಆನ್‌ಲೈನ್ ತರಬೇತಿ ಸರ್ಟಿಫಿಕೇಟ್ ಬಡ್ತಿಗೆ ಲೆಕ್ಕಕ್ಕೆ ಬರುತ್ತಾ?

ತರಬೇತುದಾರರು: ಮೇಲೆ ಓದಿ.

ಅಡ್ಮಿನ್: ಫಾರ್ವರ್ಡ್ ತೆಗೆದಿದ್ದೇನೆ. ಎಲ್ಲರೂ ಸ್ವಲ್ಪ ಸಮಾಧಾನ.

ಜೀವಶಾಸ್ತ್ರದ ಮೇಷ್ಟ್ರು: (ಎರಡು ದಿನದ ಮೇಲೆ) ಮೇಡಂ, ಮಾಡಿದೆ. ಮೊದಲು ತಪ್ಪು ಒಪ್ಪಿಕೊಂಡೆ, ಕ್ಲಾಸ್ ಪೂರ್ತಿ ಸದ್ದಿಲ್ಲ. ನಿಜವಾದ ಅಂತರ 6 ಅಂಕ. 38 ಮಕ್ಕಳು ಚೀಟಿ ಕಲಸಿದರು. ಆ ಕಡೆ ಈ ಕಡೆ ಸೇರಿ 6 ಮುಟ್ಟಿದ್ದು ಅಥವಾ ದಾಟಿದ್ದು 3 ಚುಕ್ಕೆ. ಅಂದರೆ ನೂರಕ್ಕೆ ಸುಮಾರು 8. ಅದೇ ಡೇಟಾಕ್ಕೆ ಕಂಪ್ಯೂಟರ್ 0.07 ಕೊಟ್ಟಿತು. ಅದೇ ಹುಡುಗಿ ಮತ್ತೆ ಎದ್ದಳು: ‘ಸರ್, ಚೀಟಿಗೆ ಯಾವ ಪಾಠವೂ ಗೊತ್ತಿಲ್ಲ. ಆದರೂ ಮೂರು ಸಲ 6 ಬಂತಲ್ಲ!’

ತರಬೇತುದಾರರು: ಆ ಮಾತನ್ನು ನನ್ನ ಮುಂದಿನ ತರಬೇತಿಯ ಮೊದಲ ಸ್ಲೈಡಿಗೆ ಹಾಕಿಕೊಳ್ಳುತ್ತೇನೆ, ಅವಳ ಅನುಮತಿ ಕೇಳಿ ಹೇಳಿ. ಬೋರ್ಡಿನ ಫೋಟೊ ಇದ್ದರೆ ಕಳಿಸಿ.

ಜೀವಶಾಸ್ತ್ರದ ಮೇಷ್ಟ್ರು: ಅಯ್ಯೋ, ಮುಂದಿನ ಪೀರಿಯಡ್‌ನವರು ಬಂದು ಒರೆಸಿಬಿಟ್ಟರು ಮೇಡಂ. ಚೀಟಿಗಳು ಇವೆ. ನಾಳೆ ಇನ್ನೊಂದು ಸೆಕ್ಷನ್‌ಗೆ ಮಾಡಿಸಿ ಕಳಿಸ್ತೀನಿ.